ಗೋಡೆಯಾಚೆಯ ಸ್ಯಾಕ್ಸೊಫೋನು

ಬ್ಯಾಂಡ್ ಮಾಸ್ತರರ ಕೊರಳ ಹಿಂದೆ, ಕೂದಲು ಮುಗಿಯುವಲ್ಲಿಂದ ಎರಡು ಬೆರಳು ಕೆಳಗೆ, ಒಂದು ಕಪ್ಪು ಪಟ್ಟೆಯಿತ್ತು. ಸ್ಯಾಕ್ಸೊಫೋನಿನ ಭಾರ ಹೊರುವ ಪಟ್ಟಿ ವರ್ಷಗಟ್ಟಲೆ ಉಜ್ಜಿ ಆದ ಗುರುತು. ಅಳತೆಗೆಂದು ಟೇಪು ಹಾಕಿದಾಗಲೆಲ್ಲ ಅದು ನನ್ನ ಬೆರಳಿಗೆ ಒರಟಾಗಿ ಸಿಗುತ್ತಿತ್ತು. ಉಳಿದ ಬ್ಯಾಂಡಿನವರ ಕೋಟು ಕಂಕುಳಲ್ಲಿ ಹರಿದರೆ ಇವರದು ಕಾಲರಿನ ಕೆಳಗೇ ಹರಿಯುತ್ತಿತ್ತು. ಅಲ್ಲಿ ಒಳಗಿನಿಂದ ಎರಡು ಪದರ ಕ್ಯಾನ್ವಾಸು ಕೊಟ್ಟು ಹೊಲಿದರೂ ಎರಡು ಮದುವೆ ಸೀಸನ್ ದಾಟುತ್ತಿರಲಿಲ್ಲ.

ಹುಕ್ಕೇರಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಹೆಣ್ಣುಮಗಳು ಗಂಡಸರ ಕೋಟು ಹೊಲಿಯುತ್ತಾಳೆ ಎಂದು ಮೊದಮೊದಲು ಊರಿನವರು ಮೂಗು ಮುರಿದರು. ಆಮೇಲೆ ಅವರೇ ಬಟ್ಟೆ ಹಿಡಿದುಕೊಂಡು ಬಂದರು. ನನ್ನ ಅಂಗಡಿಗೂ ಪಕ್ಕದ ಬ್ಯಾಂಡಿನವರ ಖೋಲಿಗೂ ನಡುವೆ ಒಂದೇ ಗೋಡೆ. ಆ ಖೋಲಿಯಲ್ಲಿ ಮಾಸ್ತರರು ಮದುವೆ ದಿನಗಳಷ್ಟೂ ಇರುತ್ತಿದ್ದರು. ಊರು ಗೋಕಾಕ ತಾಲೂಕಿನ ಮಮದಾಪುರ. ಕುರಿ ಕಾಯುವ ಮನೆತನ. ಹೆಂಡತಿ, ಹೊಲ, ಅಣ್ಣನ ಕುರಿಹಿಂಡು ಎಲ್ಲ ಅಲ್ಲೇ ಇತ್ತು. ಇವರೊಬ್ಬರು ಮಾತ್ರ ಹಿತ್ತಾಳೆಯ ವಾದ್ಯವೊಂದನ್ನು ಕೊರಳಿಗೆ ಹಾಕಿಕೊಂಡು ಮನೆ ಬಿಟ್ಟು ಬಂದಿದ್ದರು. “ನಮ್ಮಣ್ಣ ಕುರಿ ಹಿಂದ ಅಡ್ಯಾಡ್ತಾನ, ನಾ ಮದುಮಕ್ಕಳ ಮುಂದ ಅಡ್ಯಾಡ್ತೇನಿ, ಇಷ್ಟ ಫರಕು” ಎಂದು ನಗುತ್ತಿದ್ದರು.

ಸ್ಯಾಕ್ಸೊಫೋನಿನ ಬಾಯಿಗೆ ಕಟ್ಟುವ ಬಿದಿರಿನಂಥ ಸಣ್ಣ ಪಟ್ಟಿಯೊಂದಿದೆ, ಅದಕ್ಕೆ ರೀಡು ಎನ್ನುತ್ತಾರೆ. ಅದು ಒಣಗಿದ್ದರೆ ಸ್ವರ ಹೊರಡುವುದಿಲ್ಲ. ಅದಕ್ಕೆಂದು ನುಡಿಸುವ ಮೊದಲು ಅದನ್ನು ಬಾಯಿಯ ಮೂಲೆಯಲ್ಲಿ ಇಟ್ಟುಕೊಂಡು ಮೆತ್ತಗೆ ಮಾಡುತ್ತಿದ್ದರು. ಬೇರೆಯವರ ಬಾಯಲ್ಲಿ ಬೀಡಿ ಇರುವಂತೆ ಇವರ ಬಾಯಲ್ಲಿ ರೀಡು. ಮಾತೆಲ್ಲ ಬಾಯಿಯ ಇನ್ನೊಂದು ಮೂಲೆಯಿಂದ ಬರುತ್ತಿತ್ತು. ಚಹಾ ಬಂದಾಗ ಮಾತ್ರ ಅದನ್ನು ತೆಗೆದು ಅಂಗೈಯಲ್ಲಿ ಜೋಪಾನವಾಗಿ ಇಟ್ಟುಕೊಂಡು, ಬಶಿಗೆ ಸುರುವಿಕೊಂಡು ಕುಡಿಯುತ್ತಿದ್ದರು.

ಆ ರೀಡು ತರಲು ಬೆಳಗಾವಿಗೆ ಹೋದಾಗಲೇ ಅವರಿಗೆ ಆ ಕ್ಯಾಸೆಟ್ಟು ಸಿಕ್ಕಿದ್ದು. ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದ ಹಿರಿಯರೊಬ್ಬರು, ಇವರು ಅಂಗಡಿಯಲ್ಲಿ ವಾದ್ಯ ಪರೀಕ್ಷಿಸುತ್ತ ನುಡಿಸಿದ್ದನ್ನು ಕೇಳಿ, ಮನೆಗೆ ಕರೆದೊಯ್ದು ಕೊಟ್ಟರಂತೆ. ಕವರಿನ ಮೇಲೆ ಒಂದು ತೆಂಗಿನ ಮರ, ಅದರ ಕೆಳಗೆ ಕಣ್ಣು ಮುಚ್ಚಿ ಸ್ಯಾಕ್ಸೊಫೋನು ಊದುತ್ತಿರುವ ಒಬ್ಬ ದಪ್ಪ ಮನುಷ್ಯ. ಅಕ್ಷರಗಳು ಅಳಿಸಿಹೋಗಿದ್ದವು. ನುಡಿಸಿದವನ ಹೆಸರು ನಮಗೆ ಕೊನೆಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಇಷ್ಟು: ಇದು ಜಾಝ್, ಅದರಲ್ಲೂ ಅಮೇರಿಕದ ಕೆಳಗಿನ ಸಮುದ್ರದಂಡೆಯ ದೇಶಗಳ ಡೋಲು ಬೆರೆತದ್ದು, ಅದಕ್ಕೆ ಲ್ಯಾಟಿನ್ ಜಾಝ್ ಎನ್ನುತ್ತಾರೆ ಎಂದು ಆ ಹಿರಿಯರು ಹೇಳಿದ್ದರು. ಮಾಸ್ತರರು ಆ ಎರಡು ಶಬ್ದಗಳನ್ನು ಯಾರೋ ತಮಗೆ ಕೊಟ್ಟ ಬಿರುದಿನಂತೆ ಹೇಳುತ್ತಿದ್ದರು.

ಮೊದಲ ದಿನ ಗೋಡೆಯಾಚೆಯಿಂದ ಅದು ಕೇಳಿಬಂದಾಗ ನನಗೆ ಸಿಟ್ಟು ಬಂತು. ನನ್ನದು ಕಾಲಿನಿಂದ ತುಳಿಯುವ ಮಶೀನು. ಕಾಲಿಗೆ ಒಂದು ಲಯ ಇರುತ್ತದೆ, ಅದು ತಪ್ಪಿದರೆ ದಾರ ಹರಿಯುತ್ತದೆ. ಆಚೆ ಡೋಲು ಎಲ್ಲಿ ಬೀಳಬೇಕೋ ಅಲ್ಲಿ ಬೀಳದೆ ಅರೆಗಳಿಗೆ ಮುಂಚೆ ಬೀಳುತ್ತಿತ್ತು. ನನ್ನ ಕಾಲು ಅದರ ಬೆನ್ನು ಹತ್ತುತ್ತಿತ್ತು. ಮೂರು ಸಲ ದಾರ ಹರಿದ ಮೇಲೆ ಎದ್ದು ಹೋಗಿ ಅವರ ಬಾಗಿಲಲ್ಲಿ ನಿಂತು, “ಏನ್ರಿ ಮಾಸ್ತರ ಇದು, ಕುಂಟೆತ್ತು ಓಡಿದಂಗ?” ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಸ್ಟೂಲು ತೋರಿಸಿ ಕೂರಲು ಹೇಳಿದರು. “ತಂಗಿ, ನೀ ಅದರ ಬೆನ್ನ ಹತ್ತಬ್ಯಾಡ. ನಿನ್ನ ಕಾಲು ನೀ ಹಾಕು. ಅದು ತಾನ ತಿರುಗಿ ನಿನ್ನ ಹಂತೇಕ ಬರ್ತೈತಿ” ಎಂದರು.

ಹಾಗೇ ಮಾಡಿದೆ. ಬಂತು. ನಾಲ್ಕು ಹೆಜ್ಜೆಗೊಮ್ಮೆ ಡೋಲು ಎಲ್ಲೆಲ್ಲೋ ಸುತ್ತಾಡಿ ನನ್ನ ಕಾಲ ಬಳಿಗೇ ಬಂದು ನಿಲ್ಲುತ್ತಿತ್ತು. ಆ ವಾರವೆಲ್ಲ ನಾನು ಒಂದು ಶಾಲೆಯ ಸಮವಸ್ತ್ರದ ಲಂಗಗಳನ್ನು ಹೊಲಿದೆ. ಅಷ್ಟು ಬೇಗ ನಾನು ಎಂದೂ ಕೆಲಸ ಮುಗಿಸಿರಲಿಲ್ಲ.

ಎಂಟು ಹಾಡುಗಳಿದ್ದವು. ಹಾಡು ಎಂದರೂ ಯಾರೂ ಹಾಡುವುದಿಲ್ಲ. ಹೆಸರು ಗೊತ್ತಿರದ ಕಾರಣ ನಾವೇ ಹೆಸರಿಟ್ಟೆವು. ಎರಡನೆಯದು ನನ್ನ ಕಾಜಾ ಹೊಲಿಯುವ ಹಾಡು, ಸಣ್ಣ ಸಣ್ಣ ಸ್ವರಗಳು ಒತ್ತೊತ್ತಾಗಿ ಬೀಳುವಂಥದ್ದು. ಆರನೆಯದು ಬಹಳ ನಿಧಾನ. ಅದರಲ್ಲಿ ನುಡಿಸುವವನು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಅಲ್ಲಿಗೆ ಬಂದಾಗ ಮಾಸ್ತರರು ಬೆರಳೆತ್ತಿ, “ಕೇಳು, ದಮ್ಮು ತಗೊಂಡ ನೋಡು. ಅಂವನೂ ನಮ್ಮಂಗ ಮನಶ್ಯಾನ” ಎನ್ನುತ್ತಿದ್ದರು. ಇನ್ನೊಂದರಲ್ಲಿ ಡೋಲಿನವರು ಎಷ್ಟೋ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ, ಮುಂದಾಳು ಸುಮ್ಮನೆ ನಿಂತಿರುತ್ತಾನೆ. ಅದು ಮಾಸ್ತರರಿಗೆ ಬಹಳ ಬೆರಗು ಹುಟ್ಟಿಸಿತ್ತು. “ಅಂವನ ಹೆಸರಿಲೇ ಕ್ಯಾಸೆಟ್ಟು, ಅಂವಾನ ಸುಮ್ಮ ನಿಂತಾನ! ನಾ ಇಷ್ಟು ಹೊತ್ತು ಸುಮ್ಮ ನಿಂತ್ರ ಇಲ್ಲಿ ಮಂದಿ, ಮಾಸ್ತರಗ ದಮ್ಮ ಮುಗೀತು, ಮನಿಗೆ ಕಳಸ್ರಿ ಅಂತಾರ.”

ಐದನೆಯದು ಇಬ್ಬರಿಗೂ ಜೀವ. ಅದು ಒಂದೇ ಒಂದು ಗಂಟೆಯ ಸದ್ದಿನಿಂದ ಶುರುವಾಗುತ್ತದೆ. ದೇವರ ಗಂಟೆಯಲ್ಲ, ದನಕರುಗಳ ಕೊರಳಿಗೆ ಕಟ್ಟುವಂಥ ತಗಡಿನ ಗಂಟೆಗೆ ಕೋಲಿನಿಂದ ಬಡಿದ ಸದ್ದು. ಅದನ್ನು ಮೊದಲ ಸಲ ಕೇಳಿದಾಗ ಮಾಸ್ತರರಿಗೆ ತಮ್ಮ ಅಣ್ಣನ ಟಗರು ಮನೆಗೆ ಬಂದಂತಾಯಿತಂತೆ. ಗಂಟೆಯ ಹಿಂದೆ ಡೋಲು, ಡೋಲಿನ ಹಿಂದೆ ಪಿಯಾನೊ ಒಂದೇ ಮಾತನ್ನು ಬಿಡದೆ ಹೇಳುವುದು, ಅದರ ಮೇಲೆ ಸ್ಯಾಕ್ಸೊಫೋನು ತಡವಾಗಿ ಬರುವುದು. ದಾರಿಯಲ್ಲಿ ಯಾರನ್ನೋ ಮಾತಾಡಿಸಿಕೊಂಡು ಬಂದ ಹಾಗೆ, ಅವಸರವೇ ಇಲ್ಲ. ಕೊನೆಯಲ್ಲಿ ಎಲ್ಲ ನಿಂತು ಅದೊಂದೇ ಉಳಿಯುತ್ತದೆ. ಅಲ್ಲಿ ಅದು ನಗುತ್ತದೋ ಅಳುತ್ತದೋ ನನಗೆ ಈಗಲೂ ಬಗೆಹರಿದಿಲ್ಲ.

ಹುಕ್ಕೇರಿಯವರಿಗೆ ಕಿವಿಯಿಲ್ಲ ಎಂದು ಮಾಸ್ತರರು ಎಂದೂ ಹೇಳಲಿಲ್ಲ. ನಾನು ಹೇಳುತ್ತೇನೆ. ಒಮ್ಮೆ ಒಂದು ಮೆರವಣಿಗೆಯಲ್ಲಿ, ಸಿನೆಮಾ ಹಾಡಿನ ನಡುವೆ ಅವರು ಆ ಐದನೆಯದರ ಎರಡೇ ಎರಡು ಸಾಲು ಸೇರಿಸಿ ನುಡಿಸಿದರು. ಕುಣಿಯುತ್ತಿದ್ದವರ ಹೆಜ್ಜೆ ತಪ್ಪಿತು. ಅವರಲ್ಲೊಬ್ಬ, “ಏ ಮಾಸ್ತರಾ, ತಪ್ಪ ಹೊಡದಿ ನೋಡ” ಎಂದು ಕೂಗಿದ. ಬೀದಿಯೆಲ್ಲ ನಕ್ಕಿತು. ಅವರ ಬ್ಯಾಂಡಿನವರೂ ನಕ್ಕರು. ಮರುದಿನ ಮಾಸ್ತರರು ಅಂಗಡಿಗೆ ಬಂದು ಗುಂಡಿ ಹೊಲಿಸಿಕೊಳ್ಳುತ್ತ, “ಎರಡ ಸಾಲಿಗೆ ಏನ ತಿಳೀತೈತಿ ತಂಗಿ? ಒಮ್ಮೆ ಪೂರಾ ಕೇಳಿಸಬೇಕು. ಹತ್ತ ನಿಮಿಷ ಮಂದಿ ನಿಂತ ಕೇಳಿದ್ರ ಸಾಕು, ಆಮ್ಯಾಲ ಬೇಕಾರ ಬೈಲಿ” ಎಂದರು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ಎರಡು ವರ್ಷದ ಮೇಲೆ ನನ್ನ ಮಗಳಿಗೆ ಮೂಡಲಗಿಯ ಮನೆತನದಲ್ಲಿ ಸಂಬಂಧ ಗೊತ್ತಾಯಿತು. ಮದುವೆ ಹುಕ್ಕೇರಿಯ ಮಂಗಲ ಕಾರ್ಯಾಲಯದಲ್ಲಿ. ನಮ್ಮಲ್ಲಿ ವರ ಹನುಮಪ್ಪನ ಗುಡಿಗೆ ಹೋಗಿ ಕೈಮುಗಿದು ಮೆರವಣಿಗೆಯಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಹೆಣ್ಣಿನ ಕಡೆಯವರು ಆರತಿ ಎತ್ತಿ, ಕಾಲಿಗೆ ನೀರು ಹಾಕಿ ಒಳಗೆ ಕರೆಯುವವರೆಗೆ ಎರಡೂ ಕಡೆಯ ಮಂದಿ ನಿಂತಲ್ಲೇ ನಿಂತಿರಬೇಕು. ಆ ಹತ್ತು ನಿಮಿಷ ನನ್ನ ಕಣ್ಣಿಗೆ ಬಿತ್ತು. ಹಿಡಿದು ನಿಲ್ಲಿಸಿದ ಮಂದಿ, ಎಲ್ಲಿಗೆ ಹೋದಾರು!

ನಾನೇ ಎಲೆ ಅಡಿಕೆ ತಟ್ಟೆಯಲ್ಲಿಟ್ಟು ಪಕ್ಕದ ಖೋಲಿಗೆ ಹೋದೆ. ವಾದ್ಯದವರಿಗೆ ವೀಳ್ಯ ಕೊಟ್ಟರೆ ಮಾತು ಕಟ್ಟಿದಂತೆ. ಅವರು ಆ ದಿನ ಬೇರೆ ಕಡೆ ಹೋಗುವಂತಿಲ್ಲ, ಕೊಟ್ಟವರು ಬೇರೆ ವಾದ್ಯ ಕರೆಯುವಂತಿಲ್ಲ. ಮಾಸ್ತರರು ರೀಡು ಬಾಯಿಂದ ತೆಗೆದು, ವೀಳ್ಯವನ್ನು ಎರಡೂ ಕೈಯಿಂದ ತೆಗೆದುಕೊಂಡು ಹಣೆಗೆ ಒತ್ತಿದರು. “ಐದನೇದ?” ಎಂದರು. “ಐದನೇದ” ಎಂದೆ. ಅವರ ಕಣ್ಣು ತುಂಬಿತು. ನನ್ನದೂ ತುಂಬಿತು, ಮುಚ್ಚಿಡುವುದೇನು.

ಮಮದಾಪುರದಿಂದ ಅಣ್ಣನ ಇಬ್ಬರು ಮಕ್ಕಳನ್ನು ಕರೆಸಿದರು. ಮೀಸೆ ಹೊತ್ತ, ಡೊಳ್ಳು ಬಾರಿಸುವ ಗಟ್ಟಿ ಆಳುಗಳು. ಆ ದೇಶದ ಡೋಲಿನ ಬದಲು ನಮ್ಮ ಡೊಳ್ಳು, ಗಂಟೆಗೆ ನಿಜವಾದ ಟಗರಿನ ಗಂಟೆ. ಎರಡು ತಿಂಗಳು ದಿನಾ ಸಂಜೆ ನಾಲ್ಕಕ್ಕೆ ಗೋಡೆಯಾಚೆ ತಾಲೀಮು. ನಾನು ಕೆಲಸ ಬಿಟ್ಟು ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದೆ. ಆದರೆ ಅವರದೊಂದು ರೂಢಿಯಿತ್ತು. ತಾಲೀಮಿನಲ್ಲಿ ಯಾವ ಹಾಡನ್ನೂ ಪೂರಾ ನುಡಿಸುತ್ತಿರಲಿಲ್ಲ. ತುಂಡು ತುಂಡು ಮಾಡಿ, ಹಿಂದು ಮುಂದು ಮಾಡಿ ನುಡಿಸಿ, ಕೊನೆಯ ಭಾಗಕ್ಕೆ ಬಂದಾಗ ವಾದ್ಯ ಕೆಳಗಿಳಿಸಿಬಿಡುತ್ತಿದ್ದರು. ನಾನು ಕೇಳಿದರೆ, “ಮನಿಯಾಗ ಹೊಟ್ಟಿ ತುಂಬ ಉಂಡ ಹೋದ್ರ ಮದವ್ಯಾಗ ಏನ ಉಣ್ಣೂದು? ಕಡೀದು ಅವತ್ತ” ಎನ್ನುತ್ತಿದ್ದರು.

ನಾನು ಅವರಿಗೆ ಹೊಸ ಕೋಟು ಹೊಲಿದೆ. ಬ್ಯಾಂಡಿನ ಕೆಂಪು ಕೋಟಲ್ಲ, ಕರಿಯದು, ಜರಿಯಿಲ್ಲದ್ದು.

ಎಲ್ಲ ಮಾಡಿದ ನಾನು ಒಂದು ಮಾಡಲಿಲ್ಲ. ನಿಶ್ಚಯದ ದಿನ ಸೀರೆ, ಅಡುಗೆ, ಬಸ್ಸು ಎಲ್ಲದರ ಮಾತಾಯಿತು. ವಾದ್ಯ ನಮ್ಮ ಕಡೆಯದು, ವೀಳ್ಯ ಕೊಟ್ಟಾಗಿದೆ ಎಂಬ ಮಾತನ್ನು ನಾನು ಬೀಗರ ಮುಂದೆ ಎತ್ತಲಿಲ್ಲ. ಬಾಗಿಲ ಮುಂದಿನ ವಾದ್ಯ ಹೆಣ್ಣಿನ ಕಡೆಯದೇ ಅಲ್ಲವೇ, ಹೇಳುವುದೇನಿದೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಅದು ಸುಳ್ಳು. ನನಗೆ ನಾಚಿಕೆಯಾಗಿತ್ತು. ಯಾವುದೋ ದೇಶದ, ಹೆಸರು ಗೊತ್ತಿಲ್ಲದ ಹಾಡು ನುಡಿಸುತ್ತೇವೆ ಎಂದರೆ ಹೊಸ ಬೀಗರು ನಕ್ಕಾರು ಎಂದು ಅಂಜಿದ್ದೆ. ಗೋಡೆಯ ಹಿಂದೆ ಕೂತು ಕಣ್ಣೀರು ಹಾಕಿಕೊಂಡು ಕೇಳಿದ್ದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಮದುವೆಯ ದಿನ ಗುಡಿಯ ಕಡೆಯಿಂದ ವರನ ಜೊತೆ ಬಂದದ್ದು ಗೋಕಾಕಿನ ಡಿಜೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಆಳೆತ್ತರದ ಪೆಟ್ಟಿಗೆಗಳು. ಅದು ಓಣಿ ತಿರುಗಿದಾಗ ಕಾರ್ಯಾಲಯದ ಕಿಟಕಿಯ ಗಾಜು ನಡುಗಿತು. ಮಾಸ್ತರರು ಕರಿ ಕೋಟು ಹಾಕಿ ಬಾಗಿಲ ಬಲಕ್ಕೆ ನಿಂತಿದ್ದರು. ಎಡಬಲಕ್ಕೆ ಡೊಳ್ಳು ಕಟ್ಟಿಕೊಂಡ ಇಬ್ಬರು. ಟ್ರೇಲರು ಬಂದು ಅವರ ಎದುರಿಗೇ ನಿಂತಿತು.

ನಾನು ವರನ ಕಾಕಾನ ಬಳಿ ಹೋಗಿ ಕಿವಿಯಲ್ಲಿ ಕೂಗಿ ಹೇಳಿದೆ. “ಬೀಗರ, ಹತ್ತ ನಿಮಿಷ ಬಂದ್ ಮಾಡಸ್ರಿ. ನಮ್ಮ ವಾದ್ಯದವ್ರು ನಿಂತಾರ.” ಅವರು ಕೆಟ್ಟವರಲ್ಲ. ಕೈ ಜೋಡಿಸಿದರು. “ಅಕ್ಕಾರ, ಹುಡುಗೋರು ಹುರುಪಿನ್ಯಾಗ ಅದಾರ, ಈಗ ಬಂದ್ ಮಾಡಿದ್ರ ಜಗಳ ಆಕ್ಕೈತಿ. ನಿಮ್ಮ ವಾದ್ಯದವ್ರನ್ನೂ ಕರೀರಿ ಹಂಗಾರ, ಮುಂದ ನಿಂತು ಪೀಪಿ ಹಿಡೀಲಿ. ವಿಡಿಯೋದಾಗ ಚಂದ ಕಾಣಸ್ತೈತಿ.” ನನ್ನ ಗಂಡ ಹಿಂದಿನಿಂದ ಸೆರಗು ಜಗ್ಗಿ ಸುಮ್ಮನಿರು ಎಂದರು. ಗಂಡ ಹೇಳಿದರು ಎನ್ನುವುದು ನೆಪ. ಅವರು ಹೇಳಿದ್ದನ್ನು ನಾನು ಯಾವಾಗ ಕೇಳಿದ್ದೇನೆ? ವೀಳ್ಯ ಕೊಟ್ಟಿದ್ದೇನೆ, ಬೇರೆ ವಾದ್ಯ ಆಗುವುದಿಲ್ಲ ಎಂದು ಒಂದು ಮಾತು ಸಾಕಿತ್ತು. ಮಗಳು ನಾಳೆಯಿಂದ ಆ ಮನೆಯಲ್ಲಿ ಬಾಳಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮಾಸ್ತರರ ಹತ್ತಿರ ಹೋಗಿ, ನನ್ನ ಬಾಯಿಂದಲೇ ಅಂದೆ: “ಮಾಸ್ತರ, ಸುಮ್ಮ ಊದಿದಂಗ ಮಾಡ್ರಿ. ಫೋಟೋಕ್ಕ ಇಷ್ಟ. ನನ್ನ ಮಾರಿ ನೋಡಿ.”

ಅವರು ನನ್ನ ಮುಖ ನೋಡಿದರು. ಬಾಯಿಯಿಂದ ರೀಡು ತೆಗೆದು ವಾದ್ಯಕ್ಕೆ ಕಟ್ಟಿದರು. ಅಣ್ಣನ ಮಕ್ಕಳಿಗೆ ಡೊಳ್ಳು ಬಿಚ್ಚಲು ಸನ್ನೆ ಮಾಡಿ, ಒಬ್ಬರೇ ಟ್ರೇಲರಿನ ಮುಂದೆ ಹೋಗಿ ನಿಂತರು. ಕಣ್ಣು ಮುಚ್ಚಿದರು. ಬೆರಳುಗಳು ಆಡಿದವು, ಕೆನ್ನೆ ಉಬ್ಬಿತು, ಕೊರಳ ನರಗಳು ಎದ್ದವು. ಹುಡುಗರು ಅವರ ಸುತ್ತ ಕುಣಿದರು, ಒಬ್ಬ ತನ್ನ ಕರಿ ಕನ್ನಡಕವನ್ನು ಅವರಿಗೆ ಹಾಕಿದ, ಇನ್ನೊಬ್ಬ ನೋಟೊಂದನ್ನು ಕಾಲರಿಗೆ ಸಿಕ್ಕಿಸಿದ. ಅವರು ನಿಲ್ಲಿಸಲಿಲ್ಲ. ನಾನು ಆರತಿ ತಟ್ಟೆ ಹಿಡಿದು ಅವರಿಂದ ನಾಲ್ಕು ಮಾರು ದೂರದಲ್ಲಿದ್ದೆ. ಎಷ್ಟು ಚಲೋ ನಟಿಸುತ್ತಾರೆ, ನನ್ನ ಮಾನ ಉಳಿಸಿದರು ಎಂದು ಹಗುರಾದೆ. ದೇವರಾಣೆ, ಹಗುರಾದೆ.

ಒಳಗೆ ಮಗಳು ಕೇಳಿದಳು, “ಅವ್ವಾ, ಮಾಸ್ತರ ನುಡಿಸಲಿಲ್ಲೇನ?” ಅವಳಿಗೂ ಆ ಹಾಡು ಗೊತ್ತಿತ್ತು, ಅದನ್ನು ಕೇಳುತ್ತಲೇ ದೊಡ್ಡವಳಾಗಿದ್ದಳು. “ನುಡಿಸಿದ್ರಲ್ಲ, ಡಿಜೆದಾಗ ನಿನಗ ಕೇಳಿಲ್ಲ” ಎಂದು ಸುಳ್ಳು ಹೇಳಿ ಅವಳ ಬಾಸಿಂಗ ಸರಿಮಾಡಿದೆ. ಹೊರಗೆ ಬಂದು ನೋಡಿದರೆ ಮೂವರೂ ಇರಲಿಲ್ಲ. ಊಟ ಮಾಡದೇ ಹೋಗಿದ್ದರು.

ಮೂರನೆಯ ದಿನ ಮಾಸ್ತರರು ಅಂಗಡಿಗೆ ಬಂದರು. ನಾನು ಕೊಟ್ಟಿದ್ದ, ಒಣಗಿಹೋದ ಎಲೆ ಅಡಿಕೆಯನ್ನು ಕಾಗದದಲ್ಲಿ ಕಟ್ಟಿ ತಂದಿದ್ದರು. ಮಶೀನಿನ ಮೇಲಿಟ್ಟು, “ಇದರ ಕೆಲಸ ಆಗಲಿಲ್ಲ ತಂಗಿ, ನನ್ನ ಹಂತೇಕ ಇರಬಾರ್ದು” ಎಂದರು. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು, ಅತ್ತು, ಮುಗಿಸುತ್ತಿದ್ದೆ. ನಾನು ತಲೆಯೆತ್ತದೆ ಕೋಟಿನ ತೋಳು ಹೊಲಿಯುತ್ತಲೇ ಇದ್ದೆ. ಯಾರ ತೋಳೋ ನೆನಪಿಲ್ಲ. ಆ ದಿನದಿಂದ ಗೋಡೆಯಾಚೆ ಆ ಕ್ಯಾಸೆಟ್ಟು ಕೇಳಲಿಲ್ಲ. ಹಾದು ಹೋಗುವಾಗ “ಆರಾಮ ಅದಿಯೇನ” ಎಂದು ಮಾತಾಡಿಸುತ್ತಿದ್ದರು. ನಾನೂ “ಆರಾಮ್ರಿ” ಎನ್ನುತ್ತಿದ್ದೆ. ಕ್ಷಮಿಸಿರಿ ಎಂಬ ಒಂದು ಶಬ್ದ ಹೇಳಲು ನನಗೆ ಬಾಯಿ ಬರಲಿಲ್ಲ.

ಮುಂದಿನ ಸೀಸನ್ನಿಗೆ ಬ್ಯಾಂಡನ್ನು ಕೇಳುವವರಿರಲಿಲ್ಲ. ಒಬ್ಬೊಬ್ಬರೇ ಬಿಟ್ಟು ಹೋದರು. ಮಾಸ್ತರರು ಕೊನೆಗೆ ಖೋಲಿ ಖಾಲಿ ಮಾಡಿ ಮಮದಾಪುರಕ್ಕೆ ಹೋದರು. ಈಗ ಆ ಖೋಲಿಯಲ್ಲಿ ಮೊಬೈಲ್ ರಿಪೇರಿಯವನಿದ್ದಾನೆ. ಅವನ ತಪ್ಪೇನೂ ಇಲ್ಲ, ಆದರೂ ಅವನ ಮೇಲೆ ನನಗೆ ಸಿಟ್ಟಿದೆ.

ಕಾಯಿಲೆ ಎಂದು ಸುದ್ದಿ ಬಂದಾಗ ನಾನು ಮಮದಾಪುರಕ್ಕೆ ಹೋದೆ. ಪಡಸಾಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದರು. ಕಣ್ಣು ಹಳದಿಯಾಗಿತ್ತು. ಅವರ ಹೆಂಡತಿ ಚಹಾ ಕೊಟ್ಟರು. ಮಗಳು, ಮೊಮ್ಮಗಳು, ಮಳೆ ಎಂದು ಎಲ್ಲ ಮಾತಾಡಿ, ಏಳುವ ಹೊತ್ತಿಗೆ ಧೈರ್ಯ ಮಾಡಿ ಅಂದೆ: “ಮಾಸ್ತರ, ಅವತ್ತ ನಿಮ್ಮನ್ನ ಸುಳ್ಳ ಊದಾಕ ನಿಂದ್ರಿಸಿದೆ. ನಂದು ತಪ್ಪಾತ್ರಿ.”

ನಾನು ಏನು ಹೇಳುತ್ತಿದ್ದೇನೆ ಎಂದು ಅವರಿಗೆ ತಿಳಿಯದಂತಿತ್ತು. ಆಮೇಲೆ ಹೇಳಿದರು.

“ಸುಳ್ಳ ಯಾಕ ಊದ್ಲಿ ತಂಗಿ? ಖರೆ ಊದಿದೆ. ಮೊದಲಿಂದ ಕಡೀತನಕ. ಕಡೀದೂ ಊದಿದೆ, ಚಲೋ ಬಂತು. ಅಷ್ಟ ಚಲೋ ನನಗ ಎಂದೂ ಬಂದಿದ್ದಿಲ್ಲ.” ತುಸು ಉಸಿರು ತೆಗೆದುಕೊಂಡು, “ಮಂದಿಗೆ ಕೇಳಂಗಿಲ್ಲ ಅಂತ ಗೊತ್ತಿತ್ತು. ನೀ ಬಾಜೂಕ ನಿಂತಿದ್ದೆಲ್ಲ, ನಿನಗರೆ ಕೇಳತೈತಿ ಅಂತ ಊದಿದೆ” ಎಂದರು.

ಸುಳ್ಳೆಂದುಕೊಂಡು ನಾನು ಮಗಳಿಗೆ ಹೇಳಿದ್ದು ನಿಜವೇ ಆಗಿತ್ತು. ನಟಿಸುವವನು ರೀಡನ್ನೇಕೆ ಹಸಿ ಮಾಡಿ ಕಟ್ಟುತ್ತಾನೆ ಎಂಬುದು, ಅವರ ಬಾಯಿಯನ್ನು ಅಷ್ಟು ವರ್ಷ ನೋಡಿದ ನನಗೆ ಹೊಳೆಯಬೇಕಿತ್ತು. ಅವರು ಉತ್ತರಕ್ಕೆ ಕಾಯುತ್ತಿದ್ದರು. ಕೇಳಿತ್ತು ಎಂದು ಇನ್ನೊಂದು ಸುಳ್ಳು ಹೇಳಿಬಿಡಬಹುದಿತ್ತು. ಆ ಒಂದು ಸುಳ್ಳನ್ನು ಹೇಳಬೇಕಿತ್ತು. ಹೇಳಲಾರದೆ ಕೂತೆ. ಅವರಿಗೆ ತಿಳಿಯಿತು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. “ಬಸ್ಸ ತಪ್ಪತೈತಿ, ಹೋಗ ತಂಗಿ” ಎಂದರು.

ಹದಿನೈದು ದಿನಕ್ಕೆ ಹೋದರು. ನಾನು ಮಣ್ಣಿಗೆ ಹೋದಾಗ ಅಣ್ಣನ ಮಕ್ಕಳು ಡೊಳ್ಳು ಬಾರಿಸಿದರು, ತಮ್ಮ ಪದ್ಧತಿಯ ಬಡಿತ, ಆ ಐದನೆಯದಲ್ಲ. ನನ್ನ ಕಡೆ ಅವರಿಬ್ಬರೂ ನೋಡಲಿಲ್ಲ. ನೋಡಬೇಕಾದ ಕಾರಣವೂ ಇರಲಿಲ್ಲ.

ಮದುವೆಯ ವಿಡಿಯೋ ಬೀಗರ ಮನೆಯಲ್ಲಿ ಈಗಲೂ ಹಬ್ಬಕ್ಕೊಮ್ಮೆ ಹಾಕುತ್ತಾರೆ. ಕರಿ ಕನ್ನಡಕದ ಮಾಸ್ತರರು ಬಂದಾಗ ಎಲ್ಲರೂ ನಗುತ್ತಾರೆ. ನಾನು ಟಿವಿಯ ಹತ್ತಿರ ಕೂತು, ಆ ಪೆಟ್ಟಿಗೆಗಳ ಅಬ್ಬರದ ಕೆಳಗೆ ಎಲ್ಲಾದರೂ ಒಂದು ಸ್ವರ ಸಿಗುತ್ತದೇನೋ ಎಂದು ಕಿವಿಗೊಡುತ್ತೇನೆ. ಮೊಮ್ಮಗಳು, “ಆಯಿ, ಏನ ಕೇಳಾಕತ್ತಿ?” ಎನ್ನುತ್ತಾಳೆ. ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿ ಒಮ್ಮೆ ಪೂರಾ ನುಡಿಸಿದ್ದು ನನ್ನೊಬ್ಬಳಿಗಾಗಿ. ನಾನು ಅದನ್ನು ಕೇಳಿಲ್ಲ.